ಮಲ್ಲಿಗೆಗೆ ಬಡಿಸಿದ ಉಸಿರು

ಕಳೆದ ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ನಾನು ದಿನಾ ಬೆಳಿಗ್ಗೆ ಆರರಿಂದ ಆರೂವರೆಯವರೆಗೆ ಒಂದು ಮಲ್ಲಿಗೆ ಗಿಡದ ಜೊತೆ ಮಾತಾಡುತ್ತಿದ್ದೆ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಇವತ್ತಲ್ಲ ನಾಳೆ ಯಾರಾದರೂ ಒಂದಿಷ್ಟು ಉಪ್ಪು ಖಾರ ಬೆರೆಸಿ ನಿಮಗೂ ಮುಟ್ಟಿಸುತ್ತಾರೆ. ಅವರ ಬಾಯಲ್ಲಿ ಕೇಳುವ ಮೊದಲು ನನ್ನ ಬಾಯಲ್ಲಿ ಕೇಳಿ. ನನಗೆ ತಲೆ ಕೆಟ್ಟಿರಲಿಲ್ಲ. ಭಕ್ತಿ ಉಕ್ಕಿರಲಿಲ್ಲ. ಎಲೆ ಕಂಡರೆ ಕಣ್ಣು ತೇವವಾಗುವ ಕವಿಹೃದಯ ನನ್ನ ವಂಶದಲ್ಲೇ ಯಾರಿಗೂ ಇಲ್ಲ. ನಾನು ಮಾತಾಡಿದ್ದು ಶುದ್ಧ ವಿಜ್ಞಾನದ ಕಾರಣಕ್ಕೆ. ಎಲ್ಲ ಅನಾಹುತಕ್ಕೂ ಅದೇ ಮೂಲ.

ಗಿಡ ಬಂದದ್ದು ಹೂವಿನಹಡಗಲಿಯಿಂದ. ನನ್ನ ಹೆಂಡತಿ ಮಂಗಳಾಳ ಅಕ್ಕ ಅಂಬಕ್ಕನನ್ನು ಕೊಟ್ಟಿರುವುದು ಆ ಊರಿಗೆ. ಅವರದು ಮಲ್ಲಿಗೆ ತೋಟ. ಎರಡು ವರ್ಷದ ಕೆಳಗೆ ಶ್ರಾವಣದಲ್ಲಿ ಅಂಬಕ್ಕ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಸಸಿ ಇಟ್ಟುಕೊಂಡು, ಬಸ್ಸಿನಲ್ಲಿ ಅದಕ್ಕೆ ಕಿಟಕಿ ಪಕ್ಕದ ಸೀಟು ಕೊಟ್ಟು, ತಾನು ನಿಂತುಕೊಂಡು ಬಂದಳು. ಹಿತ್ತಲ ಗೋಡೆಯ ಬುಡದಲ್ಲಿ ನೆಟ್ಟು ಕೈ ತೊಳೆದುಕೊಳ್ಳುವಾಗ, "ಹಚ್ಚೂದೇನೋ ಹಚ್ಚೀನಿ. ಹಡಗಲಿ ಮಣ್ಣಾಗ ಆದಂಗ ಈ ಕೂಡ್ಲಿಗಿ ಮಣ್ಣಾಗ ಹೂವಾಗೂದು ಸುಳ್ಳು ಬಿಡು" ಎಂದಳು. ಅಕ್ಕತಂಗಿಯರ ನಡುವೆ ಇಂಥ ಮಾತು ಹೇಗೆ ನಾಟುತ್ತದೆ ಎಂಬುದು ಅವರ ಗಂಡಂದಿರಿಗೆ ಅರ್ಥವಾಗುವುದಿಲ್ಲ. ಮಂಗಳಾ ನಗುತ್ತಲೇ ಚಹಾ ಕೊಟ್ಟಳು. ಆದರೆ ಅವತ್ತಿನಿಂದ ಅದು ಬರೀ ಮಲ್ಲಿಗೆ ಗಿಡವಾಗಿ ಉಳಿಯಲಿಲ್ಲ, ಕೂಡ್ಲಿಗಿ ತಾಲ್ಲೂಕಿನ ಮಾನವಾಯಿತು.

ಗಿಡವೇನೋ ಬೆಳೆಯಿತು. ಎಷ್ಟು ಬೆಳೆಯಿತೆಂದರೆ ಗೋಡೆ ಏರಿ, ಅರ್ಧ ನಮ್ಮ ಕಡೆ ಅರ್ಧ ಪಕ್ಕದ ಮನೆಯ ಕಡೆ ಚೆಲ್ಲಿಕೊಂಡು, ಒಗೆದ ಬಟ್ಟೆ ಹರವಲು ಜಾಗವಿಲ್ಲದಂತೆ ಮಾಡಿತು. ಎಲೆ ಬಿಟ್ಟಿತು, ಬಳ್ಳಿ ಬಿಟ್ಟಿತು, ಒಂದು ಓತಿಕ್ಯಾತಕ್ಕೆ ಸಂಸಾರ ಹೂಡಲು ಜಾಗ ಬಿಟ್ಟಿತು. ಹೂವು ಮಾತ್ರ ಬಿಡಲಿಲ್ಲ. ಮೊದಲ ಬೇಸಿಗೆ ಹಾಗೇ ಹೋಯಿತು. ಅಂಬಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ಅದೂ ಇದೂ ಮಾತಾಡಿ ಕೊನೆಗೆ, "ಮತ್ತ, ಹೂವಾತೇನ?" ಎಂದು ಕೇಳುತ್ತಿದ್ದಳು. ಒಂದು ದಿನ ಮಂಗಳಾ ತಾಳ್ಮೆ ತಪ್ಪಿ, "ಹೂಂ, ಮೊಗ್ಗು ಬಿಟ್ಟೈತಿ" ಎಂದುಬಿಟ್ಟಳು. "ಹೌದಾ, ಹಂಗಾರ ಬರೋ ಯುಗಾದಿ ಮುಂದ ಬಂದು ನೋಡ್ತೀನಿ" ಎಂದಳು ಅಂಬಕ್ಕ. ಫೋನ್ ಇಟ್ಟ ಮಂಗಳಾ ನನ್ನ ಮುಖ ನೋಡಿದಳು. ಸುಳ್ಳು ಅವಳದು, ಹೂವು ಬರಿಸುವ ಜವಾಬ್ದಾರಿ ನನ್ನದು ಎಂಬುದು ಆ ನೋಟದಲ್ಲೇ ತೀರ್ಮಾನವಾಯಿತು. ಅಕ್ಕನನ್ನೇ ಉಪಾಯ ಕೇಳೋಣವೆಂದರೆ ಈಗ ಆ ದಾರಿಯೂ ಮುಚ್ಚಿತ್ತು. ಮೊಗ್ಗು ಬಿಟ್ಟ ಗಿಡಕ್ಕೆ ಮೊಗ್ಗು ಬರಿಸುವುದು ಹೇಗೆ ಎಂದು ಯಾವ ಬಾಯಿಂದ ಕೇಳುವುದು?

ಹೀಗಿರುವಾಗ ಕೊಟ್ರೇಶಿ ಸಿಕ್ಕ. ಕೊಟ್ರೇಶಿ ನನ್ನ ಬಾಲ್ಯದ ಗೆಳೆಯ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾನೆ. ಕೊಟ್ಟೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುವವನು. ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ತಿನ್ನುತ್ತಾ ಅವನಿಗೆ ಗಿಡದ ಸಂಗತಿ ಹೇಳಿದೆ. ಎರಡು ಬುಟ್ಟಿ ಸಗಣಿ ಗೊಬ್ಬರ, ಒಂದು ಚೀಲ ಕೆಮ್ಮಣ್ಣು ಹಾಕಿದ್ದೇನೆ, ಎರಡು ಹೊತ್ತು ನೀರು ಹಾಕುತ್ತೇನೆ, ಇನ್ನೇನು ತಿನ್ನಿಸಲಿ ಎಂದು ಕೇಳಿದೆ.

"ಲೇ, ಗಿಡ ಮಣ್ಣು ತಿಂದು ಬೆಳೀತೈತಿ ಅಂತ ನಿನಗ್ಯಾರು ಹೇಳಿದ್ರು?" ಎಂದ ಕೊಟ್ರೇಶಿ, ಮೇಷ್ಟ್ರ ಧ್ವನಿಯಲ್ಲಿ.

"ಮತ್ತೇನು ತಿಂತೈತಿ?"

"ಗಾಳಿ. ಗಾಳ್ಯಾಗಿನ ಇಂಗಾಲದ ಡೈಆಕ್ಸೈಡು. ನೀನು ಉಸುರು ಬಿಡ್ತೀಯಲ್ಲ, ಅದರಾಗ ಇರತೈತಲ್ಲ, ಅದು. ಎಲಿಯಾಗ ಸಣ್ಣ ಸಣ್ಣ ಬಾಯಿ ಇರ್ತಾವ. ಅದರಿಂದ ಒಳಗ ಎಳ್ಕೊಂಡು, ಬಿಸಿಲಿನ ಬಲದಾಗ ನೀರಿನ ಕೂಡ ಸೇರಿಸಿ ಸಕ್ರಿ ಮಾಡ್ಕಂತೈತಿ. ಆ ಸಕ್ರಿಯಿಂದಾನ ಕಟ್ಟಿಗಿ, ತೊಗಟಿ, ಎಲ್ಲಾನೂ. ಮಣ್ಣು ಕೊಡೋದು ಊಟಕ್ಕ ಉಪ್ಪಿನಕಾಯಿ ಇದ್ದಂಗ, ಒಂದು ಚೂರು."

ಇದನ್ನು ನಾನು ಶಾಲೆಯಲ್ಲಿ ಓದಿ, ಚಿತ್ರ ಬರೆದು, ಅದಕ್ಕೆ ಅಂಕವನ್ನೂ ಪಡೆದಿದ್ದೆ. ಆದರೆ ಪರೀಕ್ಷೆಗೆ ಗೊತ್ತಿರುವುದು ಬೇರೆ, ನಿಜವಾಗಿಯೂ ಗೊತ್ತಾಗುವುದು ಬೇರೆ. ಅವತ್ತು ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಕಂಡ ಹುಣಸೆ ಮರ, ಬೇವಿನ ಮರ, ಬಡಗಿಯ ಅಂಗಡಿ ಮುಂದೆ ಒರಗಿಸಿದ ಬಾಗಿಲು, ಎಲ್ಲವೂ ಒಂದು ಕಾಲಕ್ಕೆ ಗಾಳಿಯಾಗಿದ್ದವು ಎಂದು ಯೋಚಿಸಿ ಬೆರಗಾದೆ. ನಾನು ಮಲಗುವ ತೇಗದ ಮಂಚ ಗಾಳಿ. ನನ್ನ ಆಫೀಸಿನ ಮೇಜು ಗಾಳಿ. ಅದರ ಮೇಲೆ ಮೂರು ತಿಂಗಳಿಂದ ಕದಲದೆ ಕೂತಿರುವ ಕಾಗದಗಳೂ ಗಾಳಿ. ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂಡಿತ್ತು. ಗಿಡಕ್ಕೆ ಊಟ ನನ್ನ ಉಸಿರು. ಗಿಡಕ್ಕೆ ಊಟ ಸಾಲದೆ ಹೂವಾಗಿಲ್ಲ. ಆದ್ದರಿಂದ ಗಿಡದ ಹತ್ತಿರ ಕೂತು ಉಸಿರು ಬಿಡಬೇಕು. ಸುಮ್ಮನೆ ಬಿಟ್ಟರೆ ಎಷ್ಟು ಬಂದೀತು? ಮಾತಾಡಿದರೆ ಧಾರಾಳವಾಗಿ ಬರುತ್ತದೆ. ಮೊದಲನೆಯದನ್ನು ಬಿಟ್ಟು ಉಳಿದ ಹೆಜ್ಜೆಗಳು ಕೊಟ್ರೇಶಿ ಹೇಳಿದ್ದಲ್ಲ, ನನ್ನ ಸ್ವಂತ ಸಂಶೋಧನೆ. ಅವನ ಹೆಸರು ಕೆಡಬಾರದೆಂದು ಇಲ್ಲಿ ಹೇಳಿದ್ದೇನೆ.

ಸಂಶೋಧಕನಾದ ಮೇಲೆ ಓದಬೇಕಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. ಎಲೆಯೊಳಗೆ ರುಬಿಸ್ಕೋ ಎಂಬ ಒಂದು ಕಿಣ್ವ ಇದೆಯಂತೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕೆಲಸ ಅದರದು. ಜಗತ್ತಿನ ಎಲ್ಲರ ಅನ್ನ ಅದರ ಕೈಯಿಂದಲೇ ಹಾದು ಬರಬೇಕು. ಇಷ್ಟು ದೊಡ್ಡ ಹುದ್ದೆಯಲ್ಲಿರುವ ಅದು ಕೆಲಸದಲ್ಲಿ ಎಷ್ಟು ನಿಧಾನ ಎಂದರೆ ಸೆಕೆಂಡಿಗೆ ಮೂರೋ ನಾಲ್ಕೋ ಅಣುಗಳನ್ನು ವಿಲೇವಾರಿ ಮಾಡುತ್ತದೆ. ಬೇರೆ ಕಿಣ್ವಗಳು ಅಷ್ಟರಲ್ಲಿ ಸಾವಿರ ಮುಗಿಸಿರುತ್ತವೆ. ಅದೂ ಸಾಲದೆಂದು ಆಗಾಗ ತಪ್ಪಿ, ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದುಕೊಂಡು, ಆಮೇಲೆ ಅದನ್ನು ಸರಿಪಡಿಸಲು ಗಿಡದ ಶಕ್ತಿಯನ್ನೆಲ್ಲ ಹಾಳು ಮಾಡುತ್ತದಂತೆ. ಬಿಸಿಲು ಏರಿದಷ್ಟೂ ಈ ತಪ್ಪು ಜಾಸ್ತಿ. ಓದುತ್ತಾ ಓದುತ್ತಾ ನನಗೆ ಕಣ್ಣು ತುಂಬಿ ಬಂತು. ನಾನು ಕೆಲಸ ಮಾಡುವುದು ಒಂದು ಆಫೀಸಿನ ಟಪಾಲು ವಿಭಾಗದಲ್ಲಿ. ಬಂದ ಅರ್ಜಿಗಳನ್ನು ತೆಗೆದುಕೊಂಡು ಮೊಹರು ಒತ್ತಿ ಒಳಗೆ ಕಳಿಸುವುದು ನನ್ನ ಕೆಲಸ. ಬೇರೆ ಆಫೀಸಿಗೆ ಹೋಗಬೇಕಾದ ಅರ್ಜಿಗಳಿಗೂ ನಾನು ಮೊಹರು ಒತ್ತಿದ್ದುಂಟು. ಮಧ್ಯಾಹ್ನದ ಮೇಲೆ ಹೆಚ್ಚು. ನನ್ನ ಮೇಲಧಿಕಾರಿಗಳು ಇಪ್ಪತ್ತು ವರ್ಷದಿಂದ ನನ್ನ ಬಗ್ಗೆ ಹೇಳುತ್ತಿರುವುದನ್ನು ವಿಜ್ಞಾನಿಗಳು ರುಬಿಸ್ಕೋ ಬಗ್ಗೆ ಹೇಳಿದ್ದಾರೆ. ಆದರೂ ಭೂಮಿ ಹಸಿರಾಗಿದೆ. ಇದನ್ನು ಯಾರಾದರೂ ನನ್ನ ಮೇಲಧಿಕಾರಿಗಳಿಗೆ ತಿಳಿಸಬೇಕು.

ಜೋಳ, ಸಜ್ಜೆ, ಹರಪನಹಳ್ಳಿ ಕಡೆ ಎತ್ತ ನೋಡಿದರೂ ಕಾಣುವ ಮೆಕ್ಕೆಜೋಳ, ಇವು ಮಾತ್ರ ಜಾಣ ಬೆಳೆಗಳು. ಇವು ಬಾಗಿಲಲ್ಲೇ ಬೇರೊಂದು ಚುರುಕು ಕಿಣ್ವವನ್ನು ನಿಲ್ಲಿಸಿ, ಇಂಗಾಲದ ಡೈಆಕ್ಸೈಡನ್ನಷ್ಟೇ ಆರಿಸಿ ಹಿಡಿದು, ಒಳಕೋಣೆಯಲ್ಲಿ ಕೂತ ರುಬಿಸ್ಕೋ ಮುಂದೆ ರಾಶಿ ಹಾಕುತ್ತವೆ. ತಪ್ಪು ಹಿಡಿಯಲು ಅದಕ್ಕೆ ಅವಕಾಶವೇ ಇಲ್ಲ. ಅದಕ್ಕೇ ನಮ್ಮ ಬಿಸಿಲಿಗೆ ಜೋಳ ಜಗ್ಗುವುದಿಲ್ಲ. ಹೊಲದ ಬದುವಿನ ಕತ್ತಾಳೆ, ಕಳ್ಳಿಗಳದು ಇನ್ನೂ ವಿಚಿತ್ರ. ಹಗಲು ಬಾಯಿ ತೆರೆದರೆ ಇದ್ದ ನೀರೂ ಆರಿಹೋಗುತ್ತದೆಂದು ಹೆದರಿ, ಕತ್ತಲಾದ ಮೇಲೆ ಬಾಯಿ ತೆರೆದು ಗಾಳಿ ಎಳೆದು, ಹುಳಿ ಮಾಡಿ ಬಚ್ಚಿಟ್ಟು, ಮರುದಿನ ಬಾಯಿ ಮುಚ್ಚಿಕೊಂಡು ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತವಂತೆ. ಮಲ್ಲಿಗೆಗೆ ಈ ಯಾವ ಉಪಾಯವೂ ತಿಳಿಯದು. ಅದು ನನ್ನಂಥ ಸಾದಾ ಗಿರಾಕಿ.

ಈ ವಿದ್ಯೆಯನ್ನೆಲ್ಲ ಆರಂಭಿಸಿದ್ದು ಕಣ್ಣಿಗೆ ಕಾಣದ ಜೀವಿಗಳು ಎಂಬುದನ್ನೂ ಓದಿದೆ. ನೀಲಿಹಸಿರು ಪಾಚಿ ಎನ್ನುತ್ತಾರಲ್ಲ, ಅವು ಗಿಡಮರ ಹುಟ್ಟುವ ಎಷ್ಟೋ ಕಾಲದ ಮೊದಲೇ ಬಿಸಿಲು ಕುಡಿದು ಗಾಳಿ ತಿನ್ನುವುದನ್ನು ಕಲಿತವು. ತಮ್ಮ ಪುಟ್ಟ ಮೈಯೊಳಗೇ ಒಂದು ಡಬ್ಬಿ ಮಾಡಿಕೊಂಡು, ಅದರಲ್ಲಿ ರುಬಿಸ್ಕೋವನ್ನು ಕೂಡಿಹಾಕಿ, ಇಂಗಾಲವನ್ನು ತುಂಬಿ ತುಂಬಿ ಕೊಡುತ್ತವಂತೆ. ಅದೇ ವಾರ ಮಂಗಳಾ ನಮ್ಮ ಮನೆಯ ನೀರಿನ ತೊಟ್ಟಿ ಹಸಿರುಗಟ್ಟಿದೆ, ತೊಳೆಯಿರಿ ಎಂದಳು. ನಾನು ಗಂಭೀರವಾಗಿ, ಅವು ನಮ್ಮ ಉಸಿರಿಗೆ ಗಾಳಿ ಕೊಟ್ಟ ಹಿರಿಯರು, ಹಾಗೆಲ್ಲ ತಿಕ್ಕಿ ತೆಗೆಯಬಾರದು ಎಂದು ಅರ್ಧ ತಾಸು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಬ್ರಷ್ಷು ತಂದು ಕೈಗಿಟ್ಟಳು. "ಮದ್ಲು ಹಿರ್ಯಾರನ್ನ ತಿಕ್ಕಿ ತೊಳೀರಿ, ಆಮ್ಯಾಗ ಬೇಕಾದ್ರ ಕೈ ಮುಗೀರಿ" ಎಂದಳು. ತೊಳೆದೆ.

ಗಿಡದ ಹತ್ತಿರ ಮಾತಾಡಲು ಬೆಳಗಿನ ಆರು ಗಂಟೆ ಆರಿಸಿಕೊಂಡೆ. ಯಾರೂ ನೋಡಬಾರದಲ್ಲ. ದೀಪಾವಳಿ ಮುಗಿದಿತ್ತು, ಇನ್ನೂ ಮಸುಕುಮಸುಕು ಇರುತ್ತಿತ್ತು. ಒಂದು ಸ್ಟೂಲು ಹಾಕಿಕೊಂಡು, ಶಾಲು ಹೊದ್ದು, ಎಲೆಗಳಿಗೆ ಗೇಣು ದೂರದಲ್ಲಿ ಮುಖವಿಟ್ಟು ಕೂತೆ. ಏನು ಮಾತಾಡುವುದು? ಮೊದಲ ವಾರ ಫೋನಿನ ಬೆಳಕಿನಲ್ಲಿ ಹಿಂದಿನ ದಿನದ ಪತ್ರಿಕೆ ಓದಿದೆ. ರಾಜಕೀಯ ಓದುವಾಗ ಉಸಿರು ಜೋರಾಗಿ ಬರುತ್ತಿತ್ತು, ಕ್ರೀಡಾಪುಟ ಅಷ್ಟು ಲಾಭದಾಯಕವಲ್ಲ. ಎರಡನೇ ವಾರ ಮಹತ್ವದ ಸಂಗತಿಯೊಂದು ಹೊಳೆಯಿತು. ನಮ್ಮ ವರ್ಣಮಾಲೆಯಲ್ಲಿ ಮಹಾಪ್ರಾಣಗಳಿವೆ. ಹೆಸರೇ ಹೇಳುತ್ತದೆ, ಜಾಸ್ತಿ ಉಸಿರಿನ ಅಕ್ಷರಗಳು. ಒಂದು 'ಕ'ಕ್ಕಿಂತ ಒಂದು 'ಖ'ದಲ್ಲಿ ಗಿಡಕ್ಕೆ ಒಂದು ತುತ್ತಾದರೂ ಹೆಚ್ಚು ಸಿಗಬೇಕು. ತೊಂದರೆ ಏನೆಂದರೆ ನಮ್ಮ ಸೀಮೆಯಲ್ಲಿ ನಾವು ಮಹಾಪ್ರಾಣಗಳನ್ನು ಬರೆಯುತ್ತೇವೆಯೇ ಹೊರತು ಬಾಯಲ್ಲಿ ಆಡುವುದಿಲ್ಲ. ಭಾರತ ನಮಗೆ ಬಾರತ, ಧೂಳು ನಮಗೆ ದೂಳು. ಐವತ್ತೆರಡನೇ ವಯಸ್ಸಿನಲ್ಲಿ ನಾನು ಮಸುಕಿನಲ್ಲಿ ಕೂತು, ಮಲ್ಲಿಗೆ ಎಲೆಯ ಮುಂದೆ, "ಖಡ್ಗ, ಘಂಟೆ, ಛತ್ರಿ, ಝರಿ, ಢಕ್ಕೆ, ಥೈಲಿ, ಫಲ, ಭತ್ತ" ಎಂದು ಹೊಟ್ಟೆಯಿಂದ ಉಸಿರೆತ್ತಿ ಅಭ್ಯಾಸ ಮಾಡಿದೆ. ಮೂರನೇ ದಿನ ಮಂಗಳಾ ಅಡುಗೆಮನೆಯಿಂದ, "ಯಾರಿಗೆ ಬೈಯಾಕತ್ತೀರಿ ಮುಂಜಮುಂಜಾನೆ?" ಎಂದು ಕೇಳಿದಳು.

ಪದಗಳ ಪಟ್ಟಿ ಎಷ್ಟು ದಿನ ನಡೆದೀತು? ನನಗೇ ಬೇಸರ ಬಂತು. ನಿಧಾನಕ್ಕೆ ಮನಸ್ಸಿನಲ್ಲಿದ್ದದ್ದನ್ನೇ ಹೇಳತೊಡಗಿದೆ. ಇದರಲ್ಲಿ ಒಂದು ಸುಖವಿದೆ. ಗಿಡ ನಡುವೆ ಬಾಯಿ ಹಾಕುವುದಿಲ್ಲ. ತನ್ನ ಬೆನ್ನುನೋವಿನ ಕಥೆ ಶುರು ಮಾಡುವುದಿಲ್ಲ. ಆಫೀಸಿನಲ್ಲಿ ಯಾರು ಯಾರಿಗೆ ಚಾಡಿ ಹೇಳಿದರು, ಪ್ರೊಮೋಷನ್ನು ನನಗೆ ಯಾಕೆ ತಪ್ಪಿತು, ಅಂಬಕ್ಕನ ಗಂಡ ಹಾಡಲು ಕೂತರೆ ನಾನು ಯಾಕೆ ಎದ್ದು ಹೋಗುತ್ತೇನೆ, ಎಲ್ಲ ಹೇಳಿದೆ. ಅದು ಮುಗಿದ ಮೇಲೆ ಓಣಿಯ ಸುದ್ದಿಗೆ ಬಂದೆ. ಓಣಿಯಲ್ಲಿ ಒಂದೊಂದೇ ಮನೆ ದಾಟುತ್ತಾ ಹಾಲಮ್ಮಕ್ಕನ ಮನೆಗೆ ಬಂದೆ.

ಹಾಲಮ್ಮಕ್ಕ ನಮ್ಮ ಗೋಡೆಯಾಚೆಯ ನೆರೆಯವಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಮಾಡಿ ಮಾರುತ್ತಾ ಮೂವರು ಹೆಣ್ಣುಮಕ್ಕಳನ್ನು ಓದಿಸಿ ನೆಲೆ ಮುಟ್ಟಿಸಿದವಳು. ಮದುವೆ, ನಿಶ್ಚಿತಾರ್ಥ, ಗೃಹಪ್ರವೇಶಗಳಿಗೆ ಹಗರಿಬೊಮ್ಮನಹಳ್ಳಿಯಿಂದಲೂ ಬಂದು ಅವಳ ಖಡಕ್ ರೊಟ್ಟಿಗೆ ಹೇಳಿ ಹೋಗುತ್ತಾರೆ. ಕೈಯಿಂದ ಬಡಿದ ರೊಟ್ಟಿ ಎಂದೇ ಅವಳಿಗೆ ಹೆಸರು. ಇಪ್ಪತ್ತು ವರ್ಷದಿಂದ ಆ ಗೋಡೆಯ ಮೇಲೆ ನಮ್ಮ ಬೋಗುಣಿ ಅತ್ತ, ಅವಳ ಬೋಗುಣಿ ಇತ್ತ ಓಡಾಡಿವೆ. ನಮ್ಮ ಮನೆಯ ಬದನೆಕಾಯಿ ಎಣಗಾಯಿ ಹೋದರೆ ಅಲ್ಲಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿಪುಡಿ ಬರುತ್ತಿತ್ತು. ಬರಿದಾದ ಬೋಗುಣಿ ಎಂದೂ ಗೋಡೆ ದಾಟಿದ್ದಿಲ್ಲ.

ಅವತ್ತು ನಾನು ಗಿಡಕ್ಕೆ ಹೇಳಿದ್ದು ಇಷ್ಟು. "ನಿನಗೊಂದು ಗುಟ್ಟು ಹೇಳ್ತೀನಿ ಕೇಳು. ಈ ಹಾಲಮ್ಮಕ್ಕ ಅದಾಳಲ್ಲ, ಈಗ ಕೈಯಾಗ ಬಡಿಯೂದಿಲ್ಲ. ಮಷೀನು ತಂದಾಳ. ಮುಂಜಾನಿ ನಾಲ್ಕಕ್ಕ ಗುಂಯ್ ಅಂತೈತಿ, ನಾ ಕೇಳೀನಿ. ಪಾಪ, ಅರವತ್ತೆಂಟು ವರ್ಷ ಆತು, ರಟ್ಟಿಯಾಗ ಶಕ್ತಿ ಎಲ್ಲಿಂದ ಬರಬೇಕು." ಘೋರ, ಛಲ, ಭಾರ ಎಂಬ ಕೆಲವು ಮಹಾಪ್ರಾಣಗಳನ್ನೂ ನಡುನಡುವೆ ಸೇರಿಸಿದ್ದೆ.

ಗೋಡೆಯಾಚೆ ಒಂದು ಪಾತ್ರೆ ಕೆಳಗೆ ಬಿತ್ತು. ಆಮೇಲೆ ಪರಿಚಯವಿಲ್ಲದ ಹೆಂಗಸಿನ ದನಿ, "ಮಷೀನ್ ರೊಟ್ಟಿ ಏನ್ರಿ?" ಎಂದು ಕೇಳಿತು. ನಿಶ್ಚಿತಾರ್ಥಕ್ಕೆ ರೊಟ್ಟಿ ಹೇಳಲು ಮೊದಲ ಬಸ್ಸಿಗೆ ಬಂದಿಳಿದಿದ್ದ ಗಿರಾಕಿ. ನಾನು ಸ್ಟೂಲನ್ನು ಸದ್ದಾಗದಂತೆ ಎತ್ತಿಕೊಂಡು, ಬಗ್ಗಿಕೊಂಡು, ನನ್ನದೇ ಹಿತ್ತಲಿನಿಂದ ಕಳ್ಳನ ಹಾಗೆ ಒಳಗೆ ಬಂದೆ.

ಮರುದಿನ ನಮ್ಮ ಸ್ಟೀಲಿನ ಬೋಗುಣಿ ಗೋಡೆಯ ಮೇಲೆ ಕೂತಿತ್ತು. ತೊಳೆದು, ಒರೆಸಿ, ಖಾಲಿ. ಮಂಗಳಾ ಅದನ್ನು ಕೈಗೆತ್ತಿಕೊಂಡು ಒಳಗೂ ಹೊರಗೂ ತಿರುಗಿಸಿ ನೋಡಿದಳು. "ಹಾಲಮ್ಮಕ್ಕಾ" ಎಂದು ಕೂಗಿದಳು. ಆ ಕಡೆಯಿಂದ ಬಾಗಿಲು ಹಾಕಿಕೊಂಡ ಸದ್ದು ಬಂತು. ಮಂಗಳಾ ಬೋಗುಣಿ ಹಿಡಿದುಕೊಂಡೇ ನನ್ನ ಮುಂದೆ ಬಂದು ನಿಂತಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಏನೂ ಕೇಳದೆ ನಿಂತರೆ ನಾನು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಅವಳಿಗೆ ಗೊತ್ತು. ಹೇಳಿದೆ. ಇಂಗಾಲದಿಂದ ಶುರು ಮಾಡಿದೆ. ಅವಳು ಕೂತು ಕೇಳಿದಳು. ಬೈಯಲಿಲ್ಲ. "ಆಕಿ ನನಗ ಬಾಣಂತನ ಮಾಡ್ಯಾಳ" ಎಂದಳು ಅಷ್ಟೆ, ಮತ್ತು ಎದ್ದು ಹೋದಳು. ಈಗ ಬೇರೆ ಊರಿನಲ್ಲಿ ಓದುತ್ತಿರುವ ನಮ್ಮ ಎರಡನೇ ಮಗಳು ಹುಟ್ಟಿದಾಗ ಮಂಗಳಾಳ ತವರಿನಿಂದ ಯಾರೂ ಬರಲಾಗದೆ, ಆಗಷ್ಟೇ ಪರಿಚಯವಾಗಿದ್ದ ಹಾಲಮ್ಮಕ್ಕ ತಿಂಗಳಿಡೀ ನೀರು ಹಾಕಿ, ಅಡುಗೆ ಮಾಡಿ ನೋಡಿಕೊಂಡಿದ್ದಳು. ಅದು ನನಗೆ ಮರೆತಿರಲಿಲ್ಲ. ಗಿಡದ ಮುಂದೆ ಕೂತಾಗ ಮಾತ್ರ ನೆನಪಾಗಿರಲಿಲ್ಲ.

ಮೂರು ದಿನ ಬಿಟ್ಟು ಹಿತ್ತಲಿನಲ್ಲಿ ಕಚಕಚ ಸದ್ದು. ಹೋಗಿ ನೋಡಿದರೆ ಗೋಡೆಯಾಚೆ ಚಾಚಿದ್ದ ಮಲ್ಲಿಗೆ ಬಳ್ಳಿಯನ್ನೆಲ್ಲ ಹಾಲಮ್ಮಕ್ಕ ಕುಡುಗೋಲಿನಿಂದ ಕತ್ತರಿಸುತ್ತಿದ್ದಾಳೆ. ಕತ್ತರಿಸಿದ್ದನ್ನು ಒಂದೊಂದೇ ಎತ್ತಿ ನಮ್ಮ ಕಡೆ ಎಸೆಯುತ್ತಿದ್ದಾಳೆ. ಉಳಿದ ಮೋಟು ಕೊಂಬೆಗಳಲ್ಲಿ ಇದ್ದ ಎಲೆಗಳನ್ನೂ ಬಿಡದೆ ಕಿತ್ತಳು. ನಾನು ಈಚೆ ಕಡೆ ನಿಂತು, ತಲೆಯ ಮೇಲೆ ಬೀಳುತ್ತಿದ್ದ ಎಲೆಗಳನ್ನು ಹಾಗೇ ಬೀಳಲು ಬಿಟ್ಟೆ. ಗಿಡಕ್ಕೆ ನೀರು ಹಾಕಲೂ ಆ ಮೇಲೆ ಮನಸ್ಸಾಗಲಿಲ್ಲ. ಮಂಗಳಾ ಹಿತ್ತಲ ಬಾಗಿಲನ್ನೇ ತೆಗೆಯುತ್ತಿರಲಿಲ್ಲ. ಯುಗಾದಿಗೆ ಎಷ್ಟು ದಿನ ಉಳಿದಿದೆ ಎಂದು ಇಬ್ಬರೂ ಬೇರೆ ಬೇರೆಯಾಗಿ ಕ್ಯಾಲೆಂಡರ್ ನೋಡುತ್ತಿದ್ದೆವು.

ಕೊಟ್ರೇಶಿ ಮನೆಗೆ ಬಂದಾಗ ಅರ್ಧ ಬೋಳಾದ ಗಿಡ ತೋರಿಸಿ ಎಲ್ಲ ಹೇಳಿದೆ. ಅವನು ನಗುವುದಕ್ಕೆ ಗೋಡೆ ಹಿಡಿದುಕೊಂಡ. ನಕ್ಕು ಮುಗಿದ ಮೇಲೆ, "ಎಷ್ಟು ಹೊತ್ತಿಗೆ ಮಾತಾಡ್ತಿದ್ದಿ?" ಎಂದ.

"ಆರಕ್ಕ. ಬೆಳಕು ಹರಿಯೂಕ ಮುಂಚೆ."

"ಲೇ, ಬಿಸಿಲಿಲ್ಲದಾಗ ಗಿಡ ಸಕ್ರಿ ಮಾಡಂಗಿಲ್ಲ. ಆ ಹೊತ್ತಿನಾಗ ಅದೂ ನಿನ್ನಂಗ ಉಸುರು ಬಿಡ್ತಿರತೈತಿ, ಅದಾ ಗಾಳಿನಾ. ನೀ ಅದಕ್ಕ ಊದೀದಿ, ಅದು ನಿನಗ ಊದೈತಿ."

ಅಂದರೆ ಎರಡು ತಿಂಗಳು ನಾನೂ ಮಲ್ಲಿಗೆಯೂ ಎದುರುಬದುರು ಕೂತು ಒಬ್ಬರ ಮುಖಕ್ಕೊಬ್ಬರು ಉಸಿರು ಬಿಟ್ಟಿದ್ದೇವೆ. ಬಿಸಿಲಲ್ಲಿ ಕೂತಿದ್ದರೂ ಪ್ರಯೋಜನವಿರಲಿಲ್ಲ ಎಂದ ಅವನು. ಬಯಲಲ್ಲಿ ಬಿಟ್ಟ ಉಸಿರನ್ನು ಗಾಳಿ ಕ್ಷಣಕ್ಕೆ ಹೊತ್ತೊಯ್ಯುತ್ತದಂತೆ. ಯಾವ ಊರಿನ ಯಾವ ಗಿಡ ಅದನ್ನು ತಿನ್ನುತ್ತದೋ ಬಲ್ಲವರಿಲ್ಲ. ಘಂಟೆ, ಖಡ್ಗಗಳೆಲ್ಲ ಹರಪನಹಳ್ಳಿ ಕಡೆಯ ಬಾಗಳಿಯ ಹೊಲದ ಯಾವುದೋ ಮೆಕ್ಕೆಜೋಳದ ಪಾಲಾಗಿರಬಹುದು. ಹೊರಡುವಾಗ ಕೊಟ್ರೇಶಿ ನಗು ಬಿಟ್ಟು ಹೇಳಿದ, "ಗಿಡದ್ದು ಬಿಡು. ಆ ಅಕ್ಕನ ಹತ್ರ ಹೋಗಿ ತಪ್ಪಾತು ಅನ್ನು. ರೊಟ್ಟಿ ಹೆಸರು ಹೋದ್ರ ಆಕಿಗೇನು ಉಳೀತು?"

ಮರುದಿನ ಆಫೀಸಿಗೆ ರಜೆ ಹಾಕಿದೆ. ಗೋಡೆಯ ಮೇಲಿಂದ ಮಾತಾಡುವ ಹಕ್ಕು ಹೋಗಿತ್ತು. ಓಣಿ ಸುತ್ತಿ ಮುಂಬಾಗಿಲಿಗೆ ಹೋದೆ. ಹಾಲಮ್ಮಕ್ಕ ಹಂಚಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಆ ಮಷೀನು, ಮುಚ್ಚುಮರೆ ಇಲ್ಲದೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ನಾನು ನಿಂತೇ ಹೇಳಿದೆ. "ಹಾಲಮ್ಮಕ್ಕ, ತಪ್ಪಾತು. ಮಷೀನಿನ ಮಾತು ನಾ ಆಡಬಾರದಿತ್ತು. ನಿಮ್ಮ ಗಿರಾಕಿ ಹೋತು, ಹೆಸರು ಹೋತು. ನನ್ನ ಬಾಯಿಂದ ಆತು."

ಅವಳು ರೊಟ್ಟಿ ತಿರುವಿ ಹಾಕಿದಳು. "ಗಿರಾಕಿ ಎಲ್ಲಿ ಹೋಗ್ಯಾಳ? ಮಷೀನು ಐತೇನು, ಹಂಗಾರ ಎರಡು ಸಾವಿರ ರೊಟ್ಟಿ ಒಂದಾ ವಾರದಾಗ ಮಾಡಿ ಕೊಡ್ರಿ ಅಂದ್ಲು. ಆಕಿ ಬೀಗರೂ ಹೇಳಿ ಹೋಗ್ಯಾರ. ಮಷೀನು ಇಡೂದೇನು ಕಳವು ಮಾಡಿದಂಗಾತೇನು? ಸುಡೋಳು ನಾನಾ, ನಾದೋಳು ನಾನಾ."

ನಾನು ಒಂದು ಹೆಜ್ಜೆ ಮುಂದೆ ಬಂದೆ. "ಮತ್ತ ಯಾಕ ಮಾತು ಬಿಟ್ರಿ? ಗಿಡ ಯಾಕ ಕಡದ್ರಿ?"

ಹಾಲಮ್ಮಕ್ಕ ಮೊದಲ ಸಲ ನನ್ನ ಮುಖ ನೋಡಿದಳು. "ನಂಗ ಅರವತ್ತೆಂಟು ಅಂದ್ರಲ್ಲ. ನಂಗ ಅರವತ್ತೊಂದು. ಗೊತ್ತಿಲ್ದ ಹೆಂಗಸಿನ ಮುಂದ ಏಳು ವರ್ಷ ಏರಿಸಿದ್ರಿ. ಆಕಿ ಹೋಗುವಾಗ, ಅಜ್ಜೀ ಬರ್ತೀನಿ ಅಂದು ಹೋದ್ಲು. ಬರುವಾಗ ಅಕ್ಕಾರ ಅಂದಿದ್ಲು."

ನಾನು ನೆಲದ ಮೇಲೆ ಕೂತುಬಿಟ್ಟೆ. ಅರವತ್ತೊಂದು ಎಂದು ನನಗೆ ಗೊತ್ತಿರಲಿಲ್ಲ, ಅಂದಾಜಿಗೆ ಹೇಳಿದೆ, ನೋಡಿದರೆ ಐವತ್ತೈದರ ಹಾಗೆ ಕಾಣುತ್ತೀರಿ ಎಂದೆ. ಈ ಕೊನೆಯ ಮಾತು ಕೇಳಿ ಅವಳು, "ಬ್ಯಾಡ, ಬ್ಯಾಡ, ಈಗ ಇಳಿಸಾಕ ಹೋಗಬ್ಯಾಡ್ರಿ" ಎಂದಳು. ಆದರೆ ತುಟಿಯ ಅಂಚು ಸಡಿಲಾಗಿದ್ದು ನನಗೆ ಕಂಡಿತು. ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ, "ರಟ್ಟಿ ನೋಯ್ತೈತಿ ಅನ್ನೋದು ಮಾತ್ರ ಖರೇನ. ಐತವಾರ ಬರ್ರಿ ಇಬ್ಬರೂ. ರೊಟ್ಟಿ ಎಣಿಸಿ ಬುಟ್ಟಿಗೆ ತುಂಬೋದೈತಿ" ಎಂದಳು.

ಭಾನುವಾರ ನಾನೂ ಮಂಗಳಾಳೂ ಹೋದೆವು. ಮಂಗಳಾ ಒಳಗೆ ಕಾಲಿಟ್ಟವಳೇ ಹಾಲಮ್ಮಕ್ಕನ ಪಕ್ಕದಲ್ಲಿ ಕೂತು ಹಿಟ್ಟು ಎಳೆದುಕೊಂಡಳು. ಇಬ್ಬರೂ ಮೂರು ವಾರದ ಮಾತನ್ನು ಒಂದೇ ಬೆಳಿಗ್ಗೆ ಆಡಿ ಮುಗಿಸಿದರು. ನಾನು ರೊಟ್ಟಿ ಎಣಿಸುತ್ತಿದ್ದೆ. ಜೋಳ ಇಂಗಾಲ ಹಿಡಿಯುವ ಜಾಣತನದ ಬಗ್ಗೆ ಎರಡು ಮಾತು ಹೇಳೋಣವೆಂದು ಶುರು ಮಾಡಿದೆ, ಎಣಿಕೆ ತಪ್ಪಿತು. ಮೊದಲಿನಿಂದ ಎಣಿಸಲು ಹೇಳಿದರು.

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದಾಗ ಹಾಲಮ್ಮಕ್ಕ ಗೋಡೆಯ ಮೇಲಿಂದ, "ಮಂಗಳಾ, ಬಾ ಇಲ್ಲಿ" ಎಂದು ಕೂಗಿದಳು. ಇಬ್ಬರೂ ಓಡಿದೆವು. ಅವಳು ಕತ್ತರಿಸಿದ ಮೋಟುಗಳಿಂದ ಹೊಸ ಚಿಗುರು ಹೊರಟು, ಒಂದೊಂದು ಚಿಗುರಿನ ತುದಿಯಲ್ಲೂ ಗೊಂಚಲು ಗೊಂಚಲು ಮೊಗ್ಗು. ಅವಳ ಕಡೆ ಅಕ್ಕಿ ಚೆಲ್ಲಿದ ಹಾಗೆ ಬೆಳ್ಳಗೆ. ನಾನು ಎರಡು ತಿಂಗಳು ಊದಿದ ನಮ್ಮ ಕಡೆ ದಟ್ಟ ಹಸಿರು, ಒಂದೇ ಒಂದು ಮೊಗ್ಗಿಲ್ಲ. ಕೊಟ್ರೇಶಿಗೆ ಫೋನ್ ಮಾಡಿದೆ. ಗಿಡಕ್ಕೆ ಊಟ ಕಡಿಮೆಯಾಗಿರಲಿಲ್ಲವಂತೆ. ಗಾಳಿಯಿಂದ ಮಾಡಿಕೊಂಡ ಸಕ್ಕರೆಯನ್ನೆಲ್ಲ ನನ್ನ ಎರಡು ಹೊತ್ತಿನ ನೀರಿನ ಸಂಭ್ರಮದಲ್ಲಿ ಎಲೆ ಬಳ್ಳಿಗೇ ಸುರಿಯುತ್ತಿತ್ತಂತೆ. ನೀರು ಹಾಕುವುದು ನಿಂತು, ಕತ್ತಿ ಬಿದ್ದು, ಎಲೆ ಹೋದ ಮೇಲೆ ಹೊಸ ಚಿಗುರಿನಲ್ಲಿ ಅದಕ್ಕೆ ಹೂವಿನ ನೆನಪಾಗಿದೆ.

ಯುಗಾದಿಯ ಹಿಂದಿನ ದಿನ ಅಂಬಕ್ಕ ಬಂದಳು. ಕೈಕಾಲು ತೊಳೆಯುವ ಮೊದಲೇ ಹಿತ್ತಲಿಗೆ ನಡೆದಳು. ನಮ್ಮ ಕಡೆಯ ಹಸಿರು ನೋಡಿ ಅವಳ ಮುಖದಲ್ಲಿ ಒಂದು ನಗು ಹುಟ್ಟುತ್ತಿತ್ತು. ಮಂಗಳಾ ಸದ್ದಿಲ್ಲದೆ ಅವಳ ಕೈ ಹಿಡಿದು ಗೋಡೆಯ ಹತ್ತಿರ ಕರೆದು ಸ್ಟೂಲು ಹತ್ತಿಸಿದಳು. ಅಂಬಕ್ಕ ಆಚೆ ಬಗ್ಗಿ ಒಂದು ಕೊಂಬೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ, "ಈ ಕಡಿ ಸವರಿದೋರು ಯಾರು? ಹಡಗಲ್ಯಾಗೂ ಇಷ್ಟು ಹದ ನೋಡಿ ಸವರೋರು ಕಡಿಮಿ" ಎಂದಳು.

"ನಾನಾ" ಎಂದಳು ಆಚೆ ಮೊರದಲ್ಲಿ ಹೂವು ಹಾಕಿಕೊಂಡು ನಿಂತಿದ್ದ ಹಾಲಮ್ಮಕ್ಕ.

"ಯಾರು ಕಲಿಸಿದ್ರು ನಿಮಗ? ಎಲಿ ಸೈತ ಉದುರಿಸೀರಿ, ಸರಿಯಾದ ಹೊತ್ತಿಗೆ. ಇದು ಗೊತ್ತಿರೋರು ಯಾರಿಗೂ ಹೇಳಂಗಿಲ್ಲ, ನಾನೂ ಮಂಗಳಾಗ ಹೇಳಿದ್ದಿಲ್ಲ."

ಹಾಲಮ್ಮಕ್ಕ ಮೊರವನ್ನು ಗೋಡೆಯ ಮೇಲಿಟ್ಟಳು. ಮೆಲ್ಲಗೆ ಕಣ್ಣೆತ್ತಿ ನನ್ನನ್ನು ನೋಡಿದಳು. ಮಂಗಳಾಳೂ ನೋಡಿದಳು. ಅಂಬಕ್ಕನೂ, ಇವರೆಲ್ಲ ಯಾಕೆ ನೋಡುತ್ತಿದ್ದಾರೆಂದು ತಿಳಿಯದೆ, ನನ್ನತ್ತ ತಿರುಗಿದಳು. ನನ್ನ ನಾಲಿಗೆಯ ತುದಿಯಲ್ಲಿ ಇಡೀ ಕಥೆ ಬಂದು ನಿಂತಿತ್ತು. ಎಷ್ಟು ಚಂದದ ಕಥೆ, ಎಂಥ ಕೇಳುಗರು. ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಮೂಗಿನಿಂದ ಉದ್ದಕ್ಕೆ ಒಂದು ಉಸಿರು ಬಿಟ್ಟೆ. ಎದುರಿಗಿದ್ದ ಎಲೆಯೊಂದು ಸಣ್ಣಗೆ ಅಲುಗಿತು. ಉಸಿರು ಬಿಡುವುದಕ್ಕೆ ಮಾತಾಡಲೇಬೇಕೆಂದಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ, ಐವತ್ತೆರಡು ವರ್ಷ ಉಸಿರಾಡಿದ ಮೇಲೆ.